ಹೆಸರಿನ ಹಲಗೆ, ಉದ್ರಿಯ ಪುಸ್ತಕ

ವ್ಯಾಕರಣದಲ್ಲಿ ನಾಮವಾಚಕಗಳನ್ನು ಮೂರು ಬಗೆಯಾಗಿ ಪಾಠ ಮಾಡುತ್ತೇವೆ. ನದಿ, ಊರು, ಹುಡುಗಿ ಎಂಬುವು ರೂಢನಾಮ. ತುಂಗಭದ್ರೆ, ಸಾಲಗುಂದ, ಗಂಗಮ್ಮ ಎಂಬುವು ಅಂಕಿತನಾಮ. ವ್ಯಾಪಾರಿ, ಕುಂಟ, ಜಾಣೆ ಎಂಬುವು ಗುಣವನ್ನೋ ಕಸುಬನ್ನೋ ನೋಡಿ ಬಂದ ಅನ್ವರ್ಥನಾಮ. ಇದನ್ನು ಹೇಳಿ ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಟೀಚರ್, ಬಿಗ್ ಬಜಾರ್ ಅನ್ನೋದು ಯಾವುದ್ರಾಗ ಬರ್ತದರಿ?” ಎಂದು ಕೇಳಿದಳು. ಅವಳ ಅಣ್ಣ ಬೆಂಗಳೂರಿನಲ್ಲಿ ಕೂಲಿಗೆ ಹೋಗಿದ್ದವನು, ದೀಪಾವಳಿಗೆ ಆ ಹೆಸರಿನ ಚೀಲವೊಂದನ್ನು ತಂದಿದ್ದ. “ದೊಡ್ಡದಿದ್ದರೆ ಅನ್ವರ್ಥನಾಮ, ಇಲ್ಲದಿದ್ದರೆ ಅಂಕಿತನಾಮ” ಎಂದು ನಕ್ಕು ಮುಂದಿನ ಪಾಠಕ್ಕೆ ಹೋದೆ. ಆ ಹೆಸರು ಇಂದು ಯಾವ ಅಂಗಡಿಯ ನೆತ್ತಿಯ ಮೇಲೂ ಕಾಣಿಸುವುದಿಲ್ಲ. ಅದೇ ಕಟ್ಟಡ, ಅದೇ ಜಾಗ. ಬೋರ್ಡು ಮಾತ್ರ ‘ಸ್ಮಾರ್ಟ್ ಬಜಾರ್’.

ಪುಸ್ತಕದ ವಿಮರ್ಶೆ ಬರೆಯುವವರು ಬಹಳ ಜನ ಇದ್ದಾರೆ. ಬೋರ್ಡಿನ ವಿಮರ್ಶೆಯನ್ನು ಯಾರೂ ಬರೆಯುವುದಿಲ್ಲ. ಆದರೆ ನಾವು ಹೆಂಗಸರು ವರ್ಷಕ್ಕೆ ಎಷ್ಟು ಪುಸ್ತಕ ಓದುತ್ತೇವೋ ಗೊತ್ತಿಲ್ಲ, ಅಂಗಡಿಯ ಬೋರ್ಡುಗಳನ್ನಂತೂ ದಿನಾಲೂ ಓದುತ್ತೇವೆ. ಹೀಗಾಗಿ ಒಂದು ಬೋರ್ಡನ್ನು ಓದಿ ನೋಡೋಣ ಎಂದು ಕುಳಿತಿದ್ದೇನೆ.

ಮೊದಲು ಹೆಸರು. ‘ಬಜಾರ್’ ಪಾರಸಿಯ ಮಾತು, ಉರ್ದುವಿನ ಕೈಹಿಡಿದು ನಮ್ಮ ಕಡೆಗೆ ಬಂದದ್ದು. ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಯವರಿಗೆ ಅದು ಎಂದೂ ಪರಕೀಯ ಎನಿಸಿಲ್ಲ. ಗಂಜ್, ರಸೀದಿ ಎಲ್ಲ ಹೀಗೆಯೇ ಬಂದು ನಮ್ಮವೇ ಆಗಿವೆ. ಅಂಗಡಿ ಕೈಬದಲಾದಾಗ ಹೊಸ ಒಡೆಯರು ಈ ಮಾತನ್ನು ಮುಟ್ಟಲಿಲ್ಲ. ಅವರ ಹತ್ತಿರ ಮೊದಲೇ ‘ರಿಲಯನ್ಸ್ ಸ್ಮಾರ್ಟ್’ ಎಂಬ ಅಂಗಡಿಗಳಿದ್ದವು. ಅಲ್ಲಿಯ ‘ಸ್ಮಾರ್ಟ್’ಗೆ ಇಲ್ಲಿಯ ‘ಬಜಾರ್’ ಕೂಡಿಸಿದರು. ಇಪ್ಪತ್ತು ವರ್ಷ ಜನರ ಬಾಯಲ್ಲಿ ಉರುಳಿದ ಮಾತಿನ ಅರ್ಧವನ್ನು ಉಳಿಸಿಕೊಂಡರೆ ಜನರ ಕಾಲೂ ಅಭ್ಯಾಸದಂತೆ ಅಲ್ಲಿಗೇ ನಡೆಯುತ್ತದೆ. ಇದು ಜಾಣ ಕೆಲಸವೇ, ಒಪ್ಪುತ್ತೇನೆ.

ಆದರೆ ವಿಶೇಷಣ ನೋಡಿ. ‘ದೊಡ್ಡ’ ಎಂಬುದು ಅಂಗಡಿಯ ಗುಣ, ಒಳಗೆ ಹೋದರೆ ಕಣ್ಣಿಗೆ ಕಾಣುತ್ತದೆ, ಸುಳ್ಳಾದರೆ ಅಲ್ಲಿಯೇ ಗೊತ್ತಾಗುತ್ತದೆ. ‘ಜಾಣ’ ಎಂಬುದು ಯಾರ ಗುಣ? ಕೊಳ್ಳುವವಳು ಜಾಣೆ ಎಂದು ಅವರ ಅರ್ಥವಿರಬಹುದು. ಆದರೆ ನಮ್ಮ ವ್ಯಾಕರಣದ ಪ್ರಕಾರ ವಿಶೇಷಣ ಯಾವ ಪದದ ಹಿಂದೆ ನಿಂತಿದೆಯೋ ಅದಕ್ಕೇ ಸಲ್ಲುತ್ತದೆ. ಜಾಣನಾದದ್ದು ಬಜಾರು. ಅಂಗಡಿಯವನು ಬಹಳ ಜಾಣ ಎಂದು ನಮ್ಮ ಕಡೆ ಯಾರಾದರೂ ಹೇಳಿದರೆ, ಕೇಳಿದವಳು ಮೊದಲು ತನ್ನ ದುಡ್ಡಿನ ಚೀಲ ಮುಟ್ಟಿ ನೋಡಿಕೊಳ್ಳುತ್ತಾಳೆ.

ಇನ್ನು ಬೋರ್ಡಿನ ಹಿಂದಿನ ಕಥೆ. ಕಿಶೋರ್ ಬಿಯಾನಿಯವರು ಬಿಗ್ ಬಜಾರ್ ಶುರುಮಾಡಿದ್ದು 2001ರಲ್ಲಿ, ಮೊದಮೊದಲ ಅಂಗಡಿಗಳಲ್ಲಿ ಬೆಂಗಳೂರಿನದೂ ಒಂದು. ಪರದೇಶದ ಅಂಗಡಿಗಳ ಹಾಗೆ ಅಗಲವಾದ, ಸದ್ದಿಲ್ಲದ ಓಣಿಗಳನ್ನು ಮಾಡದೆ, ಅಕ್ಕಿ ಬೇಳೆಗಳನ್ನು ಬಾಯಿ ತೆರೆದ ಡಬ್ಬಗಳಲ್ಲಿ ಸುರುವಿಟ್ಟು, ಸಂತೆಯ ನೂಕುನುಗ್ಗಲನ್ನು ಬೇಕೆಂದೇ ಉಳಿಸಿಕೊಂಡ ಅಂಗಡಿ ಅದು. ಬುಧವಾರ ಅಗ್ಗದ ದಿನ. 2006ರ ಗಣರಾಜ್ಯೋತ್ಸವದಂದು ಮಹಾ ಅಗ್ಗದ ಮಾರಾಟ ಎಂದು ಸಾರಿದಾಗ ಜನಸಾಗರ ತಡೆಯಲಾಗದೆ ಕೆಲವು ಕಡೆ ಬಾಗಿಲು ಹಾಕಬೇಕಾಯಿತು. ಆಮೇಲೆ ಸಾಲ ಬೆಳೆಯಿತು, 2020ರಲ್ಲಿ ಕೊರೊನಾ ಬಂದು ಅಂಗಡಿಗಳ ಕತ್ತು ಹಿಸುಕಿತು. ಆ ವರ್ಷದ ಆಗಸ್ಟ್‌ನಲ್ಲಿ ರಿಲಯನ್ಸ್‌ನವರು ಇಡೀ ವ್ಯಾಪಾರವನ್ನು 24,713 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಹೇಳಿದರು. ಅದೇ ಬಳಗದ ಇನ್ನೊಂದು ಕಂಪನಿಯಲ್ಲಿ 2019ರಲ್ಲಿ ಹಣ ಹೂಡಿದ್ದ ಅಮೆಜಾನ್, ಹೀಗೆ ಮಾರುವಂತಿಲ್ಲ ಎಂದು ಸಿಂಗಪುರದಿಂದ ಸುಪ್ರೀಂ ಕೋರ್ಟಿನವರೆಗೆ ದಾವೆ ಹೂಡಿತು.

ದಾವೆ ನಡೆದಿರುವಾಗಲೇ 2022ರ ಫೆಬ್ರವರಿ ಕೊನೆಗೆ ಅಂಗಡಿಗಳ ಬಾಗಿಲು ಮುಚ್ಚಿ, ಬೇರೆ ಹೆಸರಿನಲ್ಲಿ ತೆರೆಯತೊಡಗಿದವು. ಹೇಗೆಂದರೆ, ಬಾಡಿಗೆ ಬಾಕಿ ಬಿದ್ದಿತ್ತು. ಕಟ್ಟಡದ ಮಾಲೀಕರು ರಿಲಯನ್ಸ್ ಜೊತೆಗೆ ಹೊಸ ಬಾಡಿಗೆ ಕರಾರು ಮಾಡಿಕೊಂಡರು. ರಿಲಯನ್ಸ್ ಆ ಜಾಗಗಳನ್ನು ಹಳೆಯ ಕಂಪನಿಗೇ ಒಳಬಾಡಿಗೆಗೆ ಕೊಟ್ಟಿತ್ತು. ಒಂದು ದಿನ ಆ ಒಳಬಾಡಿಗೆಯನ್ನು ರದ್ದು ಮಾಡಿತು. ದೊಡ್ಡ ಅಂಗಡಿಗಳು 342, ಸಣ್ಣವು 493. ಅಮೆಜಾನ್‌ನವರು ಇದು ಮೋಸ ಎಂದು ಪತ್ರಿಕೆಗಳಲ್ಲಿ ಪ್ರಕಟಣೆ ಹಾಕಿಸಿದರು. ಬಾಡಿಗೆ ಕೊಡದವರಿಂದ ಜಾಗ ಬಿಡಿಸಿಕೊಂಡೆವು ಎಂಬುದು ಇವರ ವಾದ. ಏಪ್ರಿಲ್‌ನಲ್ಲಿ ಕೊಳ್ಳುವ ಯೋಜನೆ ಸಾಲ ಕೊಟ್ಟವರ ಮುಂದೆ ಮತಕ್ಕೆ ಬಂದಾಗ, ಭದ್ರತೆ ಇಟ್ಟುಕೊಂಡು ಸಾಲ ಕೊಟ್ಟವರಲ್ಲಿ ಶೇಕಡಾ 69.29ರಷ್ಟು ಬೇಡವೆಂದರು. ರಿಲಯನ್ಸ್ ಕೈಬಿಟ್ಟಿತು. ಕೈಬಿಟ್ಟದ್ದು ಕಂಪನಿಯನ್ನು, ಅಂಗಡಿಗಳ ಜಾಗ ಆಗಲೇ ಕೈಯಲ್ಲಿತ್ತು. ಹಳೆಯ ಕಂಪನಿ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು, 2024ರ ಜುಲೈನಲ್ಲಿ ಅದನ್ನು ಮುಚ್ಚಿ ಇದ್ದಬದ್ದದ್ದನ್ನು ಮಾರುವ ಆದೇಶವಾಯಿತು.

ಹೀಗೆ ಜಾಗ ಒಬ್ಬರಿಗೆ, ಸಾಲ ಒಬ್ಬರಿಗೆ. ನನ್ನ ತಕರಾರು ಇರುವುದು ಇಲ್ಲಿಯೇ, ಹೆಸರಿನ ಚಂದದಲ್ಲಿ ಅಲ್ಲ.

ಹೆಸರು ಬದಲಾಗುವುದನ್ನು ನಮ್ಮ ಸೀಮೆಯವರು ಕಂಡಷ್ಟು ಬೇರೆಯವರು ಕಂಡಿರಲಿಕ್ಕಿಲ್ಲ. ಹೈದರಾಬಾದ್ ಕರ್ನಾಟಕ 2019ರ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕವಾಯಿತು. ಎರಡು ವರ್ಷಕ್ಕೆ ಬಸ್ಸಿನ ಹೊಟ್ಟೆಯ ಮೇಲಿನ ‘ಈಶಾನ್ಯ’ ಹೋಗಿ ‘ಕಲ್ಯಾಣ’ ಬಂತು. ಬಸ್ಸು ಅವೇ, ಕಿಟಕಿಯ ಸದ್ದೂ ಅದೇ. 1976ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿಯಾಯಿತು, 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಆಯಿತು. ಸಾಲಗುಂದದ ನಮ್ಮ ಚಿಗವ್ವ ಈಗಲೂ “ತುಂಗಭದ್ರಾ ಬ್ಯಾಂಕಿಗೆ ಹೋಗಿ ಬರ್ತೀನಿ” ಎಂದೇ ಹೊರಡುತ್ತಾಳೆ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ದೊಡ್ಡ ಸ್ಟೇಟ್ ಬ್ಯಾಂಕಿನಲ್ಲಿ ಕರಗಿದಾಗ ಹಳಬರಿಗೆ ಹೊಟ್ಟೆಯಲ್ಲಿ ಕಲಸಿದಂತಾಗಿತ್ತು. ಆದರೆ ಗಮನಿಸಿ: ಈ ಒಂದೊಂದು ಬದಲಾವಣೆಯಲ್ಲೂ ಚಿಗವ್ವನ ಪಾಸ್‌ಬುಕ್ಕಿನ ಹಣ ಹೊಸ ಹೆಸರಿನ ಜೊತೆಗೇ ಬಂತು. ಹಳೆಯ ಬ್ಯಾಂಕು ಕೊಡಬೇಕಾದದ್ದೆಲ್ಲ ಹೊಸ ಬ್ಯಾಂಕಿನ ತಲೆಯ ಮೇಲೆ. ಹೆಸರು ಬದಲಾದರೂ ಋಣ ಬದಲಾಗಲಿಲ್ಲ.

ಚಿಕ್ಕವಳಿದ್ದಾಗ ಸಾಲಗುಂದದಲ್ಲಿ ಕಿರಾಣಿ ಅಂಗಡಿಯೊಂದು ಕೈಬದಲಾದದ್ದನ್ನು ನೋಡಿದ್ದೇನೆ. ಶೆಟ್ಟರು ವಯಸ್ಸಾಯಿತೆಂದು ದೂರದ ಸಂಬಂಧಿಯೊಬ್ಬರಿಗೆ ಅಂಗಡಿ ಕೊಟ್ಟರು. ಕೊಡುವ ಮುಂಚೆ ಇಬ್ಬರೂ ಮೂರು ದಿನ ಕಟ್ಟೆಯ ಮೇಲೆ ಕುಳಿತು ಕೆಂಪು ರಟ್ಟಿನ ಉದ್ರಿ ಪುಸ್ತಕವನ್ನು ಸಾಲುಸಾಲಾಗಿ ಓದಿದರು. ಯಾರಿಂದ ಬರಬೇಕು ಎಂಬುದಷ್ಟೇ ಅಲ್ಲ, ಶೇಂಗಾ ಕೊಟ್ಟ ಮುದುಕಿಗೆ, ಬೆಣ್ಣೆ ತರುವವಳಿಗೆ ಎಷ್ಟು ಕೊಡಬೇಕು ಎಂಬುದನ್ನೂ ಓದಿದರು. ಬೆಣ್ಣೆಯವಳನ್ನು ಕರೆಸಿ, “ಯವ್ವಾ, ನಿನ್ನ ಹಳೇ ಬಾಕಿ ಇನ್ನ ಮ್ಯಾಗ ನನ್ನ ಕಡೆ ಐತಿ” ಎಂದು ಹೊಸಬರು ಎಲ್ಲರ ಮುಂದೆ ಹೇಳಿದರು. ಅವರಿಗೆ ಬೋರ್ಡು ಬರೆಸಬೇಕೆಂಬ ವಿಚಾರವೇ ಬಂದಿರಲಿಲ್ಲ.

ಹಾಗೆಂದು ಕಿರಾಣಿ ಅಂಗಡಿಯನ್ನು ಹೊಗಳುತ್ತಾ ಕೂಡುವವಳು ನಾನಲ್ಲ. “ಬರೆಸಿ ಬಾ” ಎಂದು ಅವ್ವ ಕಳಿಸಿದಾಗ, ನಾಲ್ಕು ಜನರ ಮುಂದೆ “ಹಿಂದಿಂದು ಇನ್ನೂ ಬಂದಿಲ್ಲಲ್ಲ” ಎಂಬ ಮಾತು ಕೇಳಿಸಿಕೊಂಡವರಿಗೆ ಅದರ ಉರಿ ಗೊತ್ತು. ತಕ್ಕಡಿಯ ತಟ್ಟೆಗೆ ಹುಣಸೆಹಣ್ಣು ಮೆತ್ತುವ ಕಥೆಗಳೂ ಸುಳ್ಳಲ್ಲ. ತಿಂಗಳಿಗೊಮ್ಮೆ ಬೇಕಾಗುವ ಹೆಂಗಸರ ಸಾಮಾನನ್ನು ಗಂಡಸರ ಮುಂದೆ ಕೇಳಲಾರದೆ, ಅಂಗಡಿ ಖಾಲಿಯಾಗುವುದನ್ನು ಕಾಯುತ್ತಾ ನಿಂತು, ಹಳೆಯ ಪತ್ರಿಕೆಯಲ್ಲಿ ಸುತ್ತಿಸಿಕೊಂಡು ಸೆರಗಿನಲ್ಲಿ ಮುಚ್ಚಿ ತಂದ ಕಾಲ ಬಹಳ ಹಿಂದಿನದಲ್ಲ. ದೊಡ್ಡ ಅಂಗಡಿ ನಮಗೆ ಕೊಟ್ಟದ್ದು ಅಗ್ಗವನ್ನಲ್ಲ, ಮುಜುಗರವಿಲ್ಲದೆ ಕೈಯಿಂದ ಎತ್ತಿ, ತಿರುಗಿಸಿ, ಬೆಲೆ ಓದಿ, ಬೇಡವಾದರೆ ಇಟ್ಟು ಬರುವ ಸ್ವಾತಂತ್ರ್ಯವನ್ನು. ಬೆಂಗಳೂರಿನ ಮಗಳ ಮನೆಗೆ ಹೋದಾಗ ಏನೂ ಕೊಳ್ಳುವುದಿಲ್ಲದಿದ್ದರೂ ಒಂದು ತಾಸು ಒಳಗೆ ಅಡ್ಡಾಡಿ ಬಂದಿದ್ದೇನೆ. ಆದ್ದರಿಂದಲೇ ಆ ಅಂಗಡಿಗಳ ಬಗ್ಗೆ ನನಗೆ ಅಸಡ್ಡೆ ಇಲ್ಲ, ಕೇಳುವ ಹಕ್ಕಿದೆ ಎನಿಸುತ್ತದೆ.

ಹೆಸರು ಬದಲಾದ ಮೇಲೆ ಅಂಥದೊಂದು ಅಂಗಡಿಗೆ ಹೋಗಿದ್ದೆ. ಗಲ್ಲೆಯಲ್ಲಿ ಕುಳಿತ ಹುಡುಗಿ ನನ್ನ ಮಾತು ಕೇಳಿ ಮುಖ ಅರಳಿಸಿ, “ಯಾ ಊರ್ರೀ ಅಕ್ಕಾರ?” ಎಂದಳು. ಲಿಂಗಸುಗೂರ ಕಡೆಯವಳು. ಹಳೆಯ ಹೆಸರಿದ್ದಾಗಿನಿಂದ ಅಲ್ಲಿಯೇ ಇದ್ದಾಳಂತೆ. “ಅಂಗಿ ಬದಲಾತ್ರಿ, ಬ್ಯಾಗಿನ ಬಣ್ಣ ಬದಲಾತ್ರಿ, ನಿಂದ್ರೂ ತಾಸು ಅಷ್ಟೇ ಅದಾವ್ರಿ” ಎಂದು ನಕ್ಕಳು. ಹಳೆಯ ಅಂಗಡಿಗಳ ನೌಕರರಿಗೆ ಹೊಸ ಒಡೆಯರು ಕೆಲಸ ಕೊಡಲು ಮುಂದಾದರು ಎಂಬುದನ್ನು ಪತ್ರಿಕೆಗಳಲ್ಲೂ ಓದಿದ್ದೆ. ಇದು ಅವರ ಲೆಕ್ಕದಲ್ಲಿ ಜಮೆಯಾಗಬೇಕಾದ ಮಾತು, ಜಮೆ ಮಾಡುತ್ತೇನೆ.

ಬದಲಾವಣೆ ನಿಜವಾಗಿ ಕಾಣುವುದು ಬೋರ್ಡಿನಲ್ಲಲ್ಲ, ಮಣೆಗಳ ಮೇಲೆ. ಇಂಥ ಕಂಪನಿಗಳು ತಮ್ಮದೇ ಹೆಸರಿನ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಗಳನ್ನು ಮಾರುತ್ತವೆ. ಮೊದಲಿನವರದು ‘ಗೋಲ್ಡನ್ ಹಾರ್ವೆಸ್ಟ್’, ಈಗಿನವರದು ‘ಗುಡ್ ಲೈಫ್’. ಸಿಂಧನೂರಿನ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಸೋನಾ ಮಸೂರಿಗೆ ಇದ್ಯಾವುದರ ಪರಿವೆಯೂ ಇಲ್ಲ. ಮಿಲ್ಲಿನಿಂದ ಹೊರಟು ಯಾವ ಚೀಲ ಸಿಕ್ಕರೆ ಅದರೊಳಗೆ ಕೂಡುತ್ತದೆ. ಆದರೆ ಆ ಚೀಲ ತುಂಬಿಕೊಟ್ಟ ಸಣ್ಣ ವ್ಯಾಪಾರಿಗೆ ಪರಿವೆ ಇದೆ. ಸಾಮಾನು ಕೊಟ್ಟು ತಿಂಗಳ ಮೇಲೆ ಹಣ ಪಡೆಯುವುದು ಈ ವ್ಯವಹಾರದ ರೀತಿ. ಕಂಪನಿ ದಿವಾಳಿಯಾದಾಗ ಕಾಯಿದೆಯ ಸಾಲಿನಲ್ಲಿ ಅಡವು ಇಟ್ಟುಕೊಂಡ ಬ್ಯಾಂಕುಗಳು ಮುಂದೆ, ಉಪ್ಪಿನಕಾಯಿ ಹಪ್ಪಳ ಕೊಟ್ಟವರು ಬಹಳ ಹಿಂದೆ. ಅಂಗಡಿ ಅದೇ ಜಾಗದಲ್ಲಿ ದೀಪ ಹಾಕಿಕೊಂಡು ನಿಂತಿದೆ, ಕೇಳಲು ಹೋದರೆ ಅದು ಬೇರೆ ಕಂಪನಿ. ಬೆಣ್ಣೆಯವಳನ್ನು ಕರೆದು ಹೇಳುವವರು ಯಾರೂ ಇಲ್ಲ.

ಕೊಳ್ಳುವವರ ಪಾಡೂ ಕೆಲವೊಮ್ಮೆ ಹೀಗೆಯೇ. ಒಂದು ಅಂಗಡಿಯಲ್ಲಿ (ಅದರ ಹೆಸರು ಬೇಡ) ವರ್ಷಗಟ್ಟಲೆ ಕೂಡಿದ ಪಾಯಿಂಟುಗಳು ನನ್ನವೂ ಇದ್ದವು. ಒಡೆಯರು ಬದಲಾದ ಮೇಲೆ ಕೇಳಿದರೆ, “ಹಳೆ ಕಂಪನಿಯವರನ್ನು ಕೇಳಿ ಮೇಡಂ” ಎಂದರು. ಎಲ್ಲಿ ಕೇಳಲಿ? ಅದೇ ಗಲ್ಲೆಯ ಮುಂದೆಯೇ ನಿಂತಿದ್ದೆ.

ಬಿಗ್ ಬಜಾರಿನವರಾದರೂ ಸಾಧುಗಳೇನಲ್ಲ. ಬೆಂಗಳೂರಿನಲ್ಲೂ ಅಂಗಡಿಗಳಿದ್ದ ಹೆರಿಟೇಜ್ ಸರಪಳಿಯನ್ನು 2016ರ ಒಪ್ಪಂದದಲ್ಲಿ ತೆಗೆದುಕೊಂಡವರು ಅವರೇ. ಅದಕ್ಕೂ ಹತ್ತು ವರ್ಷ ಹಿಂದೆ, 1999ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಯಾಬ್‌ಮಾಲ್, ಆಂಧ್ರದ ತ್ರಿನೇತ್ರದ ಜೊತೆ ಸೇರಿ, 2007ರ ಆರಂಭದಲ್ಲಿ ಆದಿತ್ಯ ಬಿರ್ಲಾ ಬಳಗದ ಪಾಲಾಗಿ ‘ಮೋರ್’ ಆಯಿತು. ಹಳಬರು ಇದನ್ನು ಮತ್ಸ್ಯನ್ಯಾಯ ಎನ್ನುತ್ತಿದ್ದರು. ನುಂಗಿದ ಮೀನಿನ ಹೊಟ್ಟೆಯಲ್ಲಿ ಇನ್ನೊಂದು ಮೀನು ಇರುತ್ತದೆ.

ಹೆಸರು ಉಳಿಸಿದರೆ ಎಲ್ಲ ಸರಿಯಾಯಿತೇ ಎಂದರೆ ಅದೂ ಇಲ್ಲ. 1905ರಷ್ಟು ಹಳೆಯ ನೀಲಗಿರೀಸ್ ಅಂಗಡಿಗಳನ್ನು 2014ರಲ್ಲಿ ಇದೇ ಫ್ಯೂಚರ್ ಬಳಗದವರು ಸುಮಾರು 300 ಕೋಟಿಗೆ ಕೊಂಡರು, ಹೆಸರು ಮುಟ್ಟಲಿಲ್ಲ. ಬಿಗ್‌ಬಾಸ್ಕೆಟ್ 2021ರಲ್ಲಿ ಟಾಟಾದವರ ಕೈಗೆ ಹೋದಾಗಲೂ ಹೆಸರು ಅದೇ ಉಳಿಯಿತು. ಅಲ್ಲಿ ಬ್ರೆಡ್ಡು ಬೆಣ್ಣೆ ಕೊಳ್ಳುವ ಅಜ್ಜಿ ತಾನು ಯಾರಿಗೆ ದುಡ್ಡು ಕೊಡುತ್ತಿದ್ದೇನೆಂದು ತಿಳಿಯದೆಯೇ ಕೊಡುತ್ತಾಳೆ. ಹೀಗೆ ನೋಡಿದರೆ ಬೋರ್ಡು ಬದಲಿಸಿದವರು ಒಂದು ರೀತಿಯಲ್ಲಿ ಹೆಚ್ಚು ಪ್ರಾಮಾಣಿಕರು. ಒಡೆಯ ಬದಲಾದ ಎಂದಾದರೂ ಸಾರಿದರಲ್ಲ!

ಬೋರ್ಡಿನ ಭಾಷೆಯ ಬಗ್ಗೆ ಒಂದು ಮಾತು. 2024ರ ತಿದ್ದುಪಡಿಯ ನಂತರ ಅಂಗಡಿಯ ಹಲಗೆಯಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂಬ ಕಾನೂನು ಬಂದಿದೆ. ಒಳ್ಳೆಯದು. ಕನ್ನಡ ಅಕ್ಷರದಲ್ಲಿ ‘ಸ್ಮಾರ್ಟ್ ಬಜಾರ್’ ಎಂದು ಬರೆದರೆ ಕಾನೂನು ತೃಪ್ತಿಯಾಗುತ್ತದೆ, ಕನ್ನಡದ ಟೀಚರಿಗೆ ಆಗುವುದಿಲ್ಲ. ಆದರೆ ಅದಕ್ಕಾಗಿ ನಾನು ಉಪವಾಸ ಕೂಡುವುದಿಲ್ಲ.

ಈಗ ಸಿಂಧನೂರಿನಂಥ ಊರುಗಳಲ್ಲೂ ಗಾಜಿನ ಬಾಗಿಲಿನ ಅಂಗಡಿಗಳು ಬಂದಿವೆ. ನನ್ನ ಓರಗೆಯ ಗೆಳತಿಯರಿಗೆ ನಾನು ಹೇಳುವುದಿಷ್ಟೆ: ಬೋರ್ಡನ್ನು ಓದಿದ ಹಾಗೆ ಬಿಲ್ಲನ್ನೂ ಓದಿರಿ. ಸರಕಿನ ತೆರಿಗೆಯ ಕಾಯಿದೆಯ ಪ್ರಕಾರ ಮಾರುವ ಕಂಪನಿಯ ನಿಜವಾದ ಹೆಸರು, ವಿಳಾಸ, ನೋಂದಣಿ ಸಂಖ್ಯೆ ತೆರಿಗೆಯ ಬಿಲ್ಲಿನಲ್ಲಿ ಅಚ್ಚಾಗಿರಬೇಕು. ಬೋರ್ಡು ಅದೇ ಇದ್ದು ಆ ಸಾಲು ಬದಲಾಗಿದ್ದರೆ ಒಡೆಯ ಬದಲಾಗಿದ್ದಾನೆ. ಕೂಡಿಟ್ಟ ಪಾಯಿಂಟು, ಕೊಟ್ಟಿಟ್ಟ ಮುಂಗಡ, ಉಡುಗೊರೆಯ ಕೂಪನ್ ಇದ್ದರೆ ಅಂದೇ ಕೇಳಬೇಕು, ಆಮೇಲಲ್ಲ. ಬಿಲ್ಲನ್ನು ಇಟ್ಟುಕೊಳ್ಳುವುದಾದರೆ ಜೆರಾಕ್ಸ್ ಮಾಡಿಸಿ ಇಡಿ. ಆ ನುಣುಪು ಕಾಗದದ ಮೇಲಿನ ಅಕ್ಷರ ಬಿಸಿಲು ತಾಗಿದರೆ ಕೆಲವೇ ತಿಂಗಳಲ್ಲಿ ಮಾಸಿ ಹೋಗುತ್ತದೆ.