ಕುಂಚದಿಂದ ಬರೆದ ಬಿಸಿಲು

ಸೇನಾ ಮಾದರಿಗಳನ್ನು ಕಟ್ಟುವವರಿಗೆ 1:35 ಎಂಬ ಅಳತೆಯ ಮೇಲೆ ಬಲು ಅಕ್ಕರೆ. ಐದೂ ಮುಕ್ಕಾಲು ಅಡಿಯ ಆಳು ಈ ಅಳತೆಯಲ್ಲಿ 5 ಸೆಂಟಿಮೀಟರಿಗೆ ಇಳಿಯುತ್ತಾನೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಓಡಿಸಿದ ಶೆರ್ಮನ್ ಟ್ಯಾಂಕು 17 ಸೆಂಟಿಮೀಟರಿನೊಳಗೆ ಮುಗಿಯುತ್ತದೆ. ಹೆಗಲಿಗೆ ಬಂದೂಕು ತೂಗುಹಾಕುವ ಪಟ್ಟಿಯ ಅಗಲ 1 ಮಿಲಿಮೀಟರಿಗೂ ಕಡಿಮೆ. ಜಪಾನಿನ ಶಿಜುವೊಕಾದಲ್ಲಿರುವ ತಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್, ಅಂದರೆ ಜೋಡಿಸಿಕೊಳ್ಳುವ ಬಿಡಿಭಾಗಗಳ ಡಬ್ಬ, ತಯಾರಿಸಿದಾಗ, ಒಳಗೆ ಮೋಟಾರೂ ಬ್ಯಾಟರಿಯೂ ಹಿಡಿಸುವಷ್ಟು ಜಾಗ ಬೇಕಿತ್ತು. ಹಾಗೆ ಬಂದ ಗಾತ್ರವನ್ನು ಅಳೆದು ನೋಡಿದರೆ ಅಸಲಿನ ಮೂವತ್ತೈದನೇ ಒಂದು ಪಾಲು. ಬ್ಯಾಟರಿಗಾಗಿ ಮಾಡಿಕೊಂಡ ಆ ಹೊಂದಾಣಿಕೆಯೇ ಮುಂದೆ ಲೋಕದ ತುಂಬಾ ರೂಢಿಯಾಯಿತು. ಕೈಯಲ್ಲಿ ಹಿಡಿಯಲು ಹಿತ, ಮುಖದ ಭಾವ ಬರೆಯಲು ಸಾಲುವಷ್ಟು ದೊಡ್ಡದು, ಕಪಾಟಿನಲ್ಲಿ ಒಂದು ಬೀದಿಯನ್ನೇ ಇಡಬಹುದಾದಷ್ಟು ಸಣ್ಣದು. ಇದಕ್ಕಿಂತ ಒಳ್ಳೆಯ ಅಳತೆಯನ್ನು ನಾನಂತೂ ಕಂಡಿಲ್ಲ.

ಟ್ಯಾಂಕನ್ನು ಅಂಟಿಸಿ, ಬಣ್ಣ ಬಳಿದು ಹಲಗೆಯ ಮೇಲೆ ಇಟ್ಟರೆ ಅದು ಮಾದರಿ. ಅದರ ಕೆಳಗೆ ನೆಲ, ಪಕ್ಕದಲ್ಲಿ ಮುರಿದ ಗೋಡೆ, ಮೇಲೆ ಕೂತು ಬೂಟು ಬಿಚ್ಚುತ್ತಿರುವ ಒಬ್ಬ ಸೈನಿಕ ಬಂದು, ಎಲ್ಲವೂ ಸೇರಿ ಒಂದು ಗಳಿಗೆಯನ್ನು ಹಿಡಿದು ನಿಲ್ಲಿಸಿದಾಗ ಡಯೋರಮಾ. ಇದರಲ್ಲಿ ಅತಿ ಕಷ್ಟದ್ದೂ ಅತಿ ಸೊಗಸಿನದೂ ಯಾವುದು ಎಂದು ಯಾರಾದರೂ ಕೇಳಿದರೆ, ಬೆಳಕು ಎನ್ನುತ್ತೇನೆ.

ಸೈನಿಕನನ್ನು ಕುಗ್ಗಿಸಬಹುದು, ಟ್ಯಾಂಕನ್ನು ಕುಗ್ಗಿಸಬಹುದು, ಕೋಣೆಯ ಬೆಳಕನ್ನು ಕುಗ್ಗಿಸಲಾಗದು. ನಮ್ಮ ಮನೆಗಳ 4 ಅಡಿಯ ಟ್ಯೂಬ್‌ಲೈಟು ಈ ಪುಟ್ಟ ಸೈನಿಕನ ಲೆಕ್ಕದಲ್ಲಿ 140 ಅಡಿ ಉದ್ದದ ದೀಪ. ಅಷ್ಟು ದೊಡ್ಡ ದೀಪ ನೆತ್ತಿಯ ಮೇಲೆ ಉರಿದರೆ ಬೆಳಕು ಎಲ್ಲ ಕಡೆಯಿಂದಲೂ ಬಳಸಿ ಬಂದು ನೆರಳನ್ನು ತಿಂದುಹಾಕುತ್ತದೆ. ಹೆಲ್ಮೆಟ್ಟಿನ ಅಂಚಿನಡಿಯ ಹಣೆ ಕಪ್ಪಾಗಬೇಕಿತ್ತು, ಬಿಳಿಚಿಕೊಂಡಿರುತ್ತದೆ. ಅಂಗಿಯ ಮಡಿಕೆಗಳಿದ್ದರೂ ಕಾಣುವುದಿಲ್ಲ. ಆದ್ದರಿಂದ ಬಣ್ಣ ಹಚ್ಚುವವರು ಬಿಸಿಲನ್ನೂ ನೆರಳನ್ನೂ ಕುಂಚದಿಂದಲೇ ತರಬೇಕು. ದೊಂದಿಯ ಬೆಳಕಿನಲ್ಲಿ ಕುಣಿಯಬೇಕಿದ್ದ ಯಕ್ಷಗಾನದ ವೇಷಧಾರಿ ಮುಖಕ್ಕೆ ಬಣ್ಣ ಬರೆದುಕೊಳ್ಳುವಾಗ ಮಾಡುತ್ತಿದ್ದುದೂ ಇದನ್ನೇ. ದೀಪದ ಶಕ್ತಿಯನ್ನೂ ನೋಡುವವರ ದೂರವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಅಲ್ಲಿ ಗೆರೆ ಎಳೆಯುತ್ತಿದ್ದರು.

ದೂರದ ಮಾತಿಗೂ ಇಲ್ಲಿ ಲೆಕ್ಕವಿದೆ. ಗೊಂಬೆಯನ್ನು ಒಂದು ಅಡಿ ದೂರದಿಂದ ನೋಡುವುದು, ನಿಜವಾದ ಸೈನಿಕನನ್ನು 35 ಅಡಿ ದೂರದಿಂದ ನೋಡಿದ ಹಾಗೆ. ಅಷ್ಟು ದೂರದಲ್ಲಿ ಯಾರ ಕಣ್ಣಿನ ಬಿಳಿಯೂ ಕಾಣದು. ಕಾಣುವುದು ಹುಬ್ಬಿನಡಿಯ ಗುಳಿ, ಅದರೊಳಗೊಂದು ಕಪ್ಪು ಗೆರೆ, ಅಷ್ಟೇ. ಹೊಸಬರು ಬಿಳಿ ಚುಕ್ಕೆ ಇಟ್ಟು, ಅದರ ನಡುವೆ ಕರಿ ಚುಕ್ಕೆ ಇಟ್ಟು ಕಣ್ಣು ಬರೆದಾಗ ಸೈನಿಕ ಭೂತ ಕಂಡವನಂತೆ ಬೆಚ್ಚಿ ನಿಂತಿರುತ್ತಾನೆ. ದೂರ ಹೆಚ್ಚಿದಂತೆ ಬಣ್ಣವೂ ಮಾಸುತ್ತದೆ. ಹೀಗಾಗಿ ಅಚ್ಚ ಕಪ್ಪನ್ನೂ ಅಚ್ಚ ಬಿಳಿಯನ್ನೂ ಪಳಗಿದವರು ಮುಟ್ಟುವುದಿಲ್ಲ. ಟ್ಯಾಂಕಿನ ಗಾಲಿಯ ರಬ್ಬರಿಗೆ ಕಡು ಬೂದಿ, ಸೇನೆಯ ಹಸಿರಿಗೆ ತುಸು ಬಿಳಿ ಬೆರೆಸಿದ ಹಸಿರು.

ಒಂದು ಮುಖಕ್ಕೆ ಬಣ್ಣ ಹಚ್ಚುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ಮೈಬಣ್ಣದ ಎನಾಮೆಲ್ಲೋ ಅಕ್ರಿಲಿಕ್ಕೋ ತೆಳ್ಳಗೆ ಬಳಿದು, ಚೆನ್ನಾಗಿ ಒಣಗಲು ಬಿಡುತ್ತಾರೆ. ಅದರ ಮೇಲಿನ ಕೆಲಸವೆಲ್ಲ ಆಯಿಲ್ ಪೇಂಟಿನದು. ಕ್ಯಾನ್ವಾಸಿನ ಮೇಲೆ ಚಿತ್ರ ಬರೆಯುವವರು ಬಳಸುವ ಅದೇ ಟ್ಯೂಬುಗಳು: ಬರ್ನ್ಟ್ ಅಂಬರ್, ಬರ್ನ್ಟ್ ಸಿಯೆನ್ನಾ, ನೇಪಲ್ಸ್ ಯೆಲ್ಲೋ, ಬಿಳಿ. ಟ್ಯೂಬಿನಿಂದ ಹಿಂಡಿದ ಬಣ್ಣವನ್ನು ರಟ್ಟಿನ ಚೂರಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಅಗಸೆ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ. ಒಣಗಿದ ಮೇಲೆ ಮುಖ ಮಿರುಗುವುದಿಲ್ಲ. ಸಣ್ಣ ಕುಂಚದ ಮೊನೆಯಿಂದ ಕಂದು ಬಣ್ಣವನ್ನು ಕಣ್ಣಿನ ಗುಳಿಗೆ, ಮೂಗಿನ ಬದಿಗೆ, ಕೆನ್ನೆಮೂಳೆಯ ಕೆಳಗೆ, ಕೆಳತುಟಿಯ ಅಡಿಗೆ ಇಡುತ್ತಾರೆ. ಬಿಳಿ ಬೆರೆತ ಹಳದಿ ಹುಬ್ಬಿನ ದಿಣ್ಣೆಗೆ, ಮೂಗಿನ ಏಣಿಗೆ, ಕೆನ್ನೆಗೆ, ಗಲ್ಲಕ್ಕೆ. ಈ ಹಂತದಲ್ಲಿ ಮುಖ ನೋಡಲು ವಿಕಾರ, ತೇಪೆ ಹಚ್ಚಿದಂತೆ. ಆಮೇಲೆ ಬಣ್ಣವಿಲ್ಲದ ಒಣ ಕುಂಚವೊಂದನ್ನು ತೆಗೆದುಕೊಂಡು, ಎರಡು ಬಣ್ಣ ಕೂಡುವ ಗಡಿಯ ಮೇಲೆ ಮೆಲ್ಲಗೆ ತಟ್ಟುತ್ತಾರೆ, ಬಟ್ಟೆಗೆ ಒರೆಸುತ್ತಾರೆ, ಮತ್ತೆ ತಟ್ಟುತ್ತಾರೆ. ಗಡಿ ಕರಗುತ್ತದೆ. ನೋಡನೋಡುತ್ತಿದ್ದಂತೆ ಕೆನ್ನೆ ಮೇಲೇಳುತ್ತದೆ, ಕಣ್ಣು ಒಳಗಿಳಿಯುತ್ತದೆ, ಪ್ಲಾಸ್ಟಿಕ್ಕಿನ ಗುಬುಟು ಹೋಗಿ ಒಬ್ಬ ಮನುಷ್ಯ ಬಂದು ಕೂರುತ್ತಾನೆ. ಕಣ್ಣಿನಡಿಯ ನೆರಳನ್ನು ಒಂದೆಳೆ ಹೆಚ್ಚಿಸಿದರೆ ಅವನು ರಾತ್ರಿ ನಿದ್ದೆಗೆಟ್ಟವನು, ಕೆಳತುಟಿಯ ಕೆಂಪನ್ನು ಕಡಿಮೆ ಮಾಡಿದರೆ ಚಳಿಗೆ ಸಿಕ್ಕವನು. ಒಂದೇ ಅಚ್ಚಿನಿಂದ ಬಂದ ನಾಲ್ವರು ಹೀಗೆ ನಾಲ್ಕು ಜನರಾಗುತ್ತಾರೆ. ಆಯಿಲ್ ಪೇಂಟು ಒಣಗಲು ದಿನಗಟ್ಟಲೆ ಹಿಡಿಯುತ್ತದೆ ಎಂದು ಅವಸರದವರು ದೂರುತ್ತಾರೆ. ತಿದ್ದಲು ಸಮಯ ಕೊಡುವುದೇ ಅದರ ದೊಡ್ಡ ಗುಣ. ಟ್ಯಾಂಕಿನ ಮೈಗೆ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಒಪ್ಪಬಹುದು, ಮುಖಕ್ಕೆ ಆಯಿಲ್ ಪೇಂಟೇ ಆಗಬೇಕು.

ಟ್ಯಾಂಕಿಗೂ ಇದೇ ನ್ಯಾಯ, ದಾರಿ ಬೇರೆ. ಟರ್ಪೆಂಟೈನಿನಲ್ಲಿ ನೀರಾಗಿ ಕಲಸಿದ ಕಂದು ಬಣ್ಣವನ್ನು ತಗುಲಿಸಿದರೆ ಅದು ತಾನಾಗಿ ಹರಿದು ರಿವೆಟ್ಟುಗಳ ಸುತ್ತ, ಬಾಗಿಲ ಸಂದುಗಳಲ್ಲಿ ನಿಲ್ಲುತ್ತದೆ. ಇದು ವಾಷ್, ತಗ್ಗಿಗೆ ನೆರಳು. ಅದು ಒಣಗಿದ ಮೇಲೆ ಚಪ್ಪಟೆ ಕುಂಚಕ್ಕೆ ತಿಳಿ ಬಣ್ಣ ಅದ್ದಿ, ಬಟ್ಟೆಗೆ ಒರೆಸಿ ಒರೆಸಿ, ಇನ್ನು ಬಣ್ಣವೇ ಇಲ್ಲ ಎನಿಸಿದಾಗ ಅಂಚುಗಳ ಮೇಲೆ ಸವರುತ್ತಾರೆ. ಇದು ಡ್ರೈ ಬ್ರಷಿಂಗ್, ಉಬ್ಬಿಗೆ ಬಿಸಿಲು. ಬೆಲ್ಜಿಯಂನ ಫ್ರಾನ್ಸ್ವಾ ವೆರ್ಲಿಂಡನ್ 1980ರ ದಶಕದಲ್ಲಿ ಇವೆರಡನ್ನೂ ಧಾರಾಳವಾಗಿ ಬಳಸಿ ಲೋಕದ ಕಣ್ಣು ಸೆಳೆದರು. ಅವರ ಕೆಲಸ ಅತಿಯಾಯಿತು ಎನ್ನುವವರು ಈಗ ಇದ್ದಾರೆ. ಪ್ರತಿ ಅಂಚೂ ಹೊಳೆಯುವ ಟ್ಯಾಂಕು ಲೋಕದಲ್ಲಿಲ್ಲ, ಅದು ದಿಟ. ಆದರೂ ಕೋಣೆಯ ಆ ಕಡೆಯಿಂದ ನೋಡಿದವರನ್ನು ಎದ್ದು ಹತ್ತಿರ ಬರುವಂತೆ ಮಾಡುವ ಬಲ ಅದಕ್ಕಿತ್ತು.

ನನಗೆ ಇವುಗಳಿಗಿಂತ ಹೆಚ್ಚು ಇಷ್ಟ ಸವೆತದ ಕೆಲಸ. ಸಿಬ್ಬಂದಿ ದಿನವೂ ಹತ್ತಿಳಿಯುವ ಜಾಗದಲ್ಲಿ ಬೂಟು ತಾಕಿ ಬಣ್ಣ ಹೋಗಿರುತ್ತದೆ, ಪಕ್ಕದಲ್ಲೇ ಯಾರೂ ಕಾಲಿಡದ ಮೂಲೆಯಲ್ಲಿ ಧೂಳು ಕೂತಿರುತ್ತದೆ. ಚೈನಿನ ಪಟ್ಟಿ ನೆಲಕ್ಕೆ ಉಜ್ಜುವಲ್ಲಿ ಲೋಹ ಹೊಳೆಯುತ್ತದೆ, ಉಳಿದಲ್ಲಿ ಮಣ್ಣೂ ತುಕ್ಕೂ. ಪ್ಯಾಸ್ಟೆಲ್ ಕಡ್ಡಿಯನ್ನು ಅರೆದು ಪುಡಿ ಮಾಡಿ ಕುಂಚದಿಂದ ಉದುರಿಸಿದರೆ ಧೂಳಾಯಿತು, ಅದರಲ್ಲಿ ಕರಿಯದು ಸೈಲೆನ್ಸರಿನ ಹೊಗೆ. ಎಲ್ಲಿ ಯಾರ ಕೈ ಬೀಳುತ್ತದೆ, ಎಲ್ಲಿ ಮಳೆನೀರು ಇಳಿಯುತ್ತದೆ ಎಂದು ಯೋಚಿಸಿ ಹಚ್ಚಿದ ಕೊಳೆಗೂ ಸುಮ್ಮನೆ ಮೆತ್ತಿದ ಕೊಳೆಗೂ ಇರುವ ಅಂತರ ಅರಿಯದವರ ಕಣ್ಣಿಗೂ ಗೊತ್ತಾಗುತ್ತದೆ.

ಸಾಮಗ್ರಿಗಳ ಬಡತನವೂ ಈ ಕಲೆಯ ಚೆಲುವೇ. ನೆಲಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಅದರ ಮೇಲೆ ಜರಡಿ ಹಿಡಿದ ಹಿತ್ತಲ ಮಣ್ಣು, ನೀರು ಬೆರೆಸಿದ ಫೆವಿಕಾಲ್. ಉದುರೆಲೆಗೆ ಸೋಸಿ ಒಣಗಿಸಿದ ಚಹಾ ಪುಡಿ. ಮರಕ್ಕೆ ಒಣ ಬೇರು, ಹುಲ್ಲಿಗೆ ಬಿಚ್ಚಿ ಕತ್ತರಿಸಿದ ನಾರಿನ ಹಗ್ಗ. ಗೊಂಬೆಯ ಕೈ ಸಂದು ಮುಚ್ಚಲು ನಮ್ಮ ಅಂಗಡಿಯಲ್ಲಿ ಸಿಗುವ ಎಂ-ಸೀಲ್ ಸಾಕು. ಕಿಟ್ಟಿನ ಬಿಡಿಭಾಗಗಳನ್ನು ಹಿಡಿದಿದ್ದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ತಿರುಗಿಸಿ, ಮೆತ್ತಗಾದೊಡನೆ ಜ್ವಾಲೆಯಿಂದ ಆಚೆ ತಂದು ಎರಡೂ ಕೈಯಿಂದ ಎಳೆದರೆ ಕೂದಲಿನಷ್ಟು ತೆಳ್ಳನೆ ಎಳೆ ಬರುತ್ತದೆ. ಅದೇ ರೇಡಿಯೊ ಆಂಟೆನಾ.

ಇವೆಲ್ಲವನ್ನೂ ಒಂದು ಕಥೆಯಾಗಿ ಹೊಂದಿಸುವುದನ್ನು ಕಲಿಸಿದವರು ಶಿಕಾಗೋದ ಶೆಪರ್ಡ್ ಪೇನ್. 1970ರ ದಶಕದಲ್ಲಿ ಮೊನೊಗ್ರಾಂ ಕಂಪನಿ ತನ್ನ ಕಿಟ್ಟುಗಳ ಡಬ್ಬದಲ್ಲಿ ಪೇನ್ ಕಟ್ಟಿದ ಡಯೋರಮಾಗಳ ಬಣ್ಣದ ಕರಪತ್ರ ಇಡುತ್ತಿತ್ತು. ಆಟಿಕೆಯೆಂದು ಡಬ್ಬ ತೆರೆದ ಹುಡುಗರು ಆ ಹಾಳೆ ನೋಡಿ ಜೀವಮಾನದ ಹವ್ಯಾಸಕ್ಕೆ ಬಿದ್ದರು. 1980ರಲ್ಲಿ ಬಂದ ಡಯೋರಮಾ ಕಟ್ಟುವ ಬಗೆಗಿನ ಅವರ ಪುಸ್ತಕ ಈ ಕಲೆಯ ಮೂಲಪಾಠವಾಗಿ ನಿಂತಿದೆ. ಟ್ಯಾಂಕನ್ನು ಹಲಗೆಯ ಅಂಚಿಗೆ ಸಮವಾಗಿ ಇಡದೆ ಓರೆಯಾಗಿಡುವುದು, ಖಾಲಿ ಜಾಗ ಬಿಡದೆ ಹಲಗೆಯನ್ನು ಆದಷ್ಟು ಕಿರಿದಾಗಿಸುವುದು, ಎಲ್ಲ ಗೊಂಬೆಗಳ ನೋಟವೂ ಕಥೆಯ ನಡುವಿಗೆ ಕಣ್ಣನ್ನು ಒಯ್ಯುವಂತೆ ನಿಲ್ಲಿಸುವುದು: ಪಳಗಿದವರ ಕೆಲಸದಲ್ಲೆಲ್ಲ ಈ ಪಾಠ ಕಾಣುತ್ತದೆ. ಪೇನ್ ಮುಚ್ಚಿದ ಪೆಟ್ಟಿಗೆಯೊಳಗೂ ದೃಶ್ಯ ಕಟ್ಟಿದರು. ಕಿಟಕಿಯಿಂದ ಇಣುಕಿದರೆ ಎಲ್ಲಿಂದ ಬೀಳುತ್ತಿದೆ ಎಂದು ತಿಳಿಯದ ದೀಪದ ಬೆಳಕಿನಲ್ಲಿ ಒಂದು ಗಳಿಗೆ ನಿಂತಿರುತ್ತದೆ. ಅಲ್ಲಿ ಕಟ್ಟಿದವರ ಕೈಯಲ್ಲಿ ಕುಂಚವಷ್ಟೇ ಅಲ್ಲ, ದೀಪವೂ ಇತ್ತು.

ಒಂದು ಗಳಿಗೆಯನ್ನು ಹಿಡಿದು ನಿಲ್ಲಿಸುವ ಈ ಹಂಬಲ ಪ್ಲಾಸ್ಟಿಕ್ಕಿಗಿಂತ ಬಹಳ ಹಳೆಯದು. ಬ್ರಿಟಿಷ್ ಸೇನೆಯ ವಿಲಿಯಂ ಸೈಬೋರ್ನ್ ಎಂಬ ಅಧಿಕಾರಿ 1830ರಲ್ಲಿ ವಾಟರ್ಲೂ ರಣರಂಗದ ಮಾದರಿ ಮಾಡಲು ಹೊರಟರು. ಅಲ್ಲಿನ ಲಾ ಹೇ ಸ್ಯಾಂತ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ಇದ್ದು ನೆಲದ ಏರುತಗ್ಗು ಅಳೆದರು. ಯುದ್ಧದಲ್ಲಿ ಬದುಕುಳಿದ ಅಧಿಕಾರಿಗಳಿಗೆ ಪತ್ರ ಬರೆದು, ಆ ದಿನ ನಿಮ್ಮ ಪಡೆ ಎಲ್ಲಿತ್ತು, ನಿಮ್ಮೆದುರಿನ ಹೊಲದಲ್ಲಿ ಯಾವ ಬೆಳೆ ಇತ್ತು ಎಂದು ಕೇಳಿದರು. ಬೆಳೆಯ ಪ್ರಶ್ನೆ ಓದಿದಾಗಲೆಲ್ಲ ನನಗೆ ಅವರ ಮೇಲಿನ ಗೌರವ ಹೆಚ್ಚುತ್ತದೆ. ಸರ್ಕಾರ ಹಣ ನಿಲ್ಲಿಸಿತು, ಅವರು ಸ್ವಂತ ಖರ್ಚಿನಲ್ಲಿ ಮುಂದುವರಿದರು. ಸಂಜೆ 7 ಗಂಟೆಯ ನಿರ್ಣಾಯಕ ಗಳಿಗೆಯನ್ನು 70,000ಕ್ಕೂ ಹೆಚ್ಚು ಲೋಹದ ಗೊಂಬೆಗಳಲ್ಲಿ ಹಿಡಿದ ಆ ಮಾದರಿ 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಬಂತು. ಬ್ರಿಟಿಷರ ಜೊತೆಗೂಡಿ ಕಾದಿದ ಪ್ರಶ್ಯನ್ ಸೇನೆಯನ್ನು ಅಷ್ಟು ಮುಂದೆ ಇಟ್ಟದ್ದು ಆ ಯುದ್ಧದ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ಡ್ಯೂಕರಿಗೆ ಸರಿಬೀಳಲಿಲ್ಲ. ಗೆಲುವಿನ ಪಾಲು ಹಂಚಿಹೋಗುವ ಪ್ರಶ್ನೆ ಅದು. ಒತ್ತಡಕ್ಕೆ ಮಣಿದು ಸೈಬೋರ್ನ್ ಅನೇಕ ಪ್ರಶ್ಯನ್ ಗೊಂಬೆಗಳನ್ನು ಕಿತ್ತರು. ಈ ಡ್ಯೂಕ್ ನಮಗೆ ಅಪರಿಚಿತರಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇವರೇ. ಮಾದರಿ ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ. ಗೊಂಬೆಯ ಜಾಗ ಸರಿಯಿದೆಯೇ ಎಂಬುದು ಚರಿತ್ರೆಯ ಪ್ರಶ್ನೆಯೂ ಆಗಬಲ್ಲದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕನ್ನಡ ನಾಡಿನ ಕೈಗಳಿಗೆ ಕಾದಿರುವ ದೃಶ್ಯವೊಂದಿದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ತುರ್ಕರಿಂದ ಹೈಫಾ ಊರನ್ನು ಹಿಡಿದಾಗ ಜೋಧಪುರದವರ ಜೊತೆಗೆ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಊರನ್ನು ಕಾಯುತ್ತಿದ್ದ ತೋಪುಗಳ ಸದ್ದಡಗಿಸಲು ಅವರಲ್ಲಿ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿತು. ಭರ್ಜಿ ಹಿಡಿದು ನುಗ್ಗುವ ಗಳಿಗೆಯನ್ನು ಬಿಟ್ಟುಬಿಡಿ, ಅದನ್ನು ಕಂಚಿನಲ್ಲೂ ಚಿತ್ರದಲ್ಲೂ ಬಹಳ ನೋಡಿದ್ದೇವೆ. ಬೆಟ್ಟದ ಕಲ್ಲುದಾರಿಯಲ್ಲಿ ಕುದುರೆಯ ಲಗಾಮು ಹಿಡಿದು ಏರುತ್ತಿರುವ ಇಬ್ಬರು ಸವಾರರು, ಬೆವರಿಗೆ ಕಪ್ಪಾದ ಖಾಕಿ ಅಂಗಿ, ಪೇಟದ ನೆರಳು ಬಿದ್ದ ಹಣೆ, ಕುದುರೆಯ ಮೊಣಕಾಲಿನವರೆಗೆ ಏರಿದ ಸುಣ್ಣಕಲ್ಲಿನ ಬಿಳಿ ಧೂಳು: ಅಂಗೈಯಗಲದ ಹಲಗೆ ಸಾಕು. ಆ ಸೈನಿಕರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಕಿಟ್ಟು ಸಿಗದಿದ್ದರೆ ಎಂ-ಸೀಲಿನಿಂದ ಪೇಟ ಸುತ್ತಿ. ಮುಖಕ್ಕೆ ಮಾತ್ರ ಆಯಿಲ್ ಪೇಂಟೇ ಇರಲಿ, ಒಣಗುವವರೆಗೆ ಕಾಯಿರಿ.