ಡಜನ್ ಲೆಕ್ಕವೂ ಯೂರಿಯಾ ಚೀಲವೂ

ಪಿ.ಯು. ಮೊದಲ ವರ್ಷದಲ್ಲಿ ಮೋಲ್ ಪಾಠ ಬಂತೆಂದರೆ ಮಾಸ್ತರರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಡಜನ್ ಅಂದರೆ 12, ಮೋಲ್ ಅಂದರೆ 6.022 × 10²³. ಈ ಹೋಲಿಕೆಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚು. ಹೆದರಿದ ಹುಡುಗರಿಗೆ ಮೊದಲ ದಿನ ಧೈರ್ಯ ಕೊಡುತ್ತದೆ, ಒಪ್ಪಿದೆ. ಎರಡನೆಯ ದಿನದಿಂದ ಅದೇ ಅಡ್ಡಗಾಲು.

ಡಜನ್ ಬಾಳೆಹಣ್ಣಿಗೆ ತಕ್ಕಡಿ ಬೇಡ, ಬೆರಳು ಸಾಕು. ಮೋಲ್ ಬೇಕಾದದ್ದು ಎಣಿಸಲಾಗದ್ದನ್ನು ತೂಗಿ ತಿಳಿಯುವುದಕ್ಕೆ. 1811ರಲ್ಲಿ ಅನಿಲಗಳ ಕುರಿತು ಊಹೆ ಮಂಡಿಸಿದ ವಿಜ್ಞಾನಿ ಅವೊಗಾಡ್ರೊಗೇ ಮೋಲ್‌ನ ಆ ಸಂಖ್ಯೆ ಗೊತ್ತಿರಲಿಲ್ಲ. ಭೌತವಿಜ್ಞಾನಿ ಪೆರಿನ್ ಅದಕ್ಕೆ ಅವನ ಹೆಸರಿಟ್ಟದ್ದು 1909ರಲ್ಲಿ. ಅಲ್ಲಿಯವರೆಗೂ ರಸಾಯನಶಾಸ್ತ್ರ ತೂಕಗಳ ಅನುಪಾತದ ಮೇಲೆಯೇ ನಡೆದಿತ್ತು.

ಮುರಗೋಡದಂಥ ಊರಿನ ಹುಡುಗರಿಗೆ ಆ ಅನುಪಾತ ದೂರದ್ದಲ್ಲ, ಹೊಲಕ್ಕೆ ಹೋಗುವ ಯೂರಿಯಾ ಚೀಲದ ಮೇಲೆಯೇ ಇದೆ: ಸಾರಜನಕ ಶೇ. 46. ಎಲ್ಲಿಂದ ಬಂತು ಈ 46? ಯೂರಿಯಾದ ಒಂದು ಅಣುವಿನಲ್ಲಿ ಸಾರಜನಕದ ಪರಮಾಣು ಎರಡು. ಒಂದು ಮೋಲ್ ತೂಗಿದರೆ 60 ಗ್ರಾಂ, ಅದರಲ್ಲಿ ಸಾರಜನಕ 28. ಶುದ್ಧ ಯೂರಿಯಾಕ್ಕೆ ಶೇ. 46.7 ಬರುತ್ತದೆ, ಚೀಲಕ್ಕೆ 46. ಹಾಗಾದರೆ 45 ಕೆ.ಜಿ. ಚೀಲವೊಂದು ಸುಮಾರು 750 ಮೋಲ್; ಸಾರಜನಕ 21 ಕೆ.ಜಿ.ಗೆ ತುಸು ಕಡಿಮೆ. ಅಣುಗಳ ಎಣಿಕೆಯೇ ಬೇಕೆಂದರೆ 4.5 × 10²⁶. ಹೊಲಕ್ಕೆ ಬೇಕಾದದ್ದು ಆ 21, ಈ 10²⁶ ಅಲ್ಲ.

ಡಿಎಪಿ ಗೊಬ್ಬರದ ಚೀಲ ಇನ್ನೂ ಒಳ್ಳೆಯ ಪಾಠ. ಅದರ ಮೇಲಿನ 18-46ರಲ್ಲಿ 46 ಎಂಬುದು ರಂಜಕವೇ ಅಲ್ಲ; ರಂಜಕದ ಪೆಂಟಾಕ್ಸೈಡ್ ಲೆಕ್ಕದಲ್ಲಿ ಬರೆದದ್ದು. ಆ ಪೆಂಟಾಕ್ಸೈಡ್ ಚೀಲದೊಳಗೆ ಇಲ್ಲವೇ ಇಲ್ಲ! ಅದರ 142 ಗ್ರಾಂಗೆ ರಂಜಕ 62 ಗ್ರಾಂ. ಆದ್ದರಿಂದ 50 ಕೆ.ಜಿ. ಚೀಲದಲ್ಲಿ ಬರೆದ ಲೆಕ್ಕದ 23 ಕೆ.ಜಿ. ನಿಜವಾದ ರಂಜಕಕ್ಕೆ ಇಳಿದರೆ ಬರೀ 10. ಡಜನ್ ಕಲಿತ ಹುಡುಗ ಇಲ್ಲಿ ಕೈಚೆಲ್ಲುತ್ತಾನೆ, ಅನುಪಾತ ಕಲಿತವನು ಬಿಡಿಸುತ್ತಾನೆ.

ಡಜನ್ ಪಕ್ಷದವರು ಈಗ 2019ರ ಹೊಸ ವ್ಯಾಖ್ಯೆಯನ್ನು ಮುಂದೆ ಹಿಡಿಯುತ್ತಾರೆ: ಮೇ 20ರಿಂದ ಮೋಲ್ ಅಂದರೆ ನಿಗದಿಯಾದ ಸಂಖ್ಯೆಯೇ, ವಾದ ಮುಗಿಯಿತು ಎಂದು. ಮುಗಿದಿಲ್ಲ. ಆ ಸಂಖ್ಯೆಯನ್ನು ನಿಖರಗೊಳಿಸಲು ವಿಜ್ಞಾನಿಗಳು ಸುಮಾರು ಒಂದು ಕೆ.ಜಿ.ಯ ಸಿಲಿಕಾನ್ ಗೋಲವನ್ನು ಅಳೆದು ತೂಗಿದರು. ಒಂದೊಂದೇ ಪರಮಾಣು ಎಣಿಸಲಿಲ್ಲ. ಹಳ್ಳಿ ಮಕ್ಕಳ ಗಣಿತ ಕಚ್ಚಾ, ಅವರಿಗೆ ಡಜನ್ನೇ ಸಾಕು ಎನ್ನುವವರ ಮಾತಂತೂ ಅನ್ಯಾಯ. ಎಕರೆಗೆ ಎಷ್ಟು ಚೀಲ ಎಂಬ ಲೆಕ್ಕ ಮನೆಯಲ್ಲಿ ದಿನವೂ ಕೇಳುವ ಮಕ್ಕಳು ಅವರು.

ಮಾಸ್ತರರೇ, ಮುಂದಿನ ಮೋಲ್ ಪಾಠಕ್ಕೆ ಒಂದು ಖಾಲಿ ಗೊಬ್ಬರದ ಚೀಲ ತನ್ನಿ. 46 ಎಲ್ಲಿಂದ ಬಂತೆಂದು ಮೊದಲು ಕೇಳಿ. ಅವೊಗಾಡ್ರೊ ಸಂಖ್ಯೆಯನ್ನು ಆಮೇಲೆ ಹೇಳಿ.