ಮೈಮೇಲಿನ ಜ್ಞಾನ

ಮೈಸೂರಿನ ಹಳೆಯ ಗರಡಿಗಳ ಬಾಗಿಲು ಗಿಡ್ಡ. ತಲೆ ತಗ್ಗಿಸಿ, ನಡು ಬಗ್ಗಿಸಿಯೇ ಒಳಗೆ ಕಾಲಿಡಬೇಕು. ಅದು ವಿನಯದ ಪಾಠ ಎನ್ನುವವರಿದ್ದಾರೆ. ನನಗದು ಗರಡಿಯ ಮೊದಲ ಸಾಮು ಅನ್ನಿಸುತ್ತದೆ. ಬೀದಿಯಲ್ಲಿ ಏನನ್ನೋ ಯೋಚಿಸುತ್ತಾ ಬಂದವನಿಗೆ ತನ್ನ ತಲೆ ಎಷ್ಟು ಎತ್ತರದಲ್ಲಿದೆ, ಭುಜ ಎಷ್ಟು ಅಗಲವಿದೆ ಎಂಬುದು ಆ ಹೊಸಿಲಲ್ಲಿ ನೆನಪಾಗುತ್ತದೆ. ಎಡವಿದವರನ್ನು ನಾವು ‘ಮೈಮೇಲೆ ಜ್ಞಾನ ಇಲ್ವಾ?’ ಎಂದು ಗದರುತ್ತೇವಲ್ಲ, ಆ ಜ್ಞಾನವನ್ನು ಕಲಿಸಲೆಂದೇ ಕಟ್ಟಿದ ಶಾಲೆ ಗರಡಿ. ಅದರ ಬೆಲೆ ಕಟ್ಟಬೇಕಾದದ್ದೂ ಇದರಿಂದಲೇ, ತೋಳಿನ ಸುತ್ತಳತೆಯಿಂದಲ್ಲ.

ಗದೆಯನ್ನೇ ನೋಡಿ. ಉದ್ದನೆಯ ಕೋಲು, ತುದಿಗೊಂದು ಕಲ್ಲಿನ ಗುಂಡು. ಭಾರವೆಲ್ಲ ಹಿಡಿಯಿಂದ ದೂರ. ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಬಿಟ್ಟಾಗ ಅದು ಕಣ್ಣಿಗೆ ಕಾಣುವುದಿಲ್ಲ. ಎಲ್ಲಿದೆ, ಎತ್ತ ವಾಲುತ್ತಿದೆ ಎಂಬುದನ್ನು ಮಣಿಕಟ್ಟು, ಬೆನ್ನು, ಪಾದಗಳೇ ಹೇಳಬೇಕು. ಹದಿಹರೆಯದಲ್ಲಿ ನಾನು ಮೊದಲ ಸಲ ಗದೆ ತಿರುಗಿಸಿದಾಗ ಉಸ್ತಾದರು ನನ್ನ ಕೈಯನ್ನು ನೋಡಲೇ ಇಲ್ಲ, ಹಿಮ್ಮಡಿ ನೋಡಿದರು. ‘ಕಾಲು ಎಲ್ಲೈತೆ ನೋಡ್ಕೊ’ ಎಂದರು. ಹಿಮ್ಮಡಿ ನೆಲ ಬಿಟ್ಟಿತ್ತು. ಅದನ್ನು ಊರಿದ ಕೂಡಲೇ ಹೆಗಲ ಬಿಗಿ ಸಡಿಲಿತು. ಅಷ್ಟು ಹೊತ್ತೂ ಕೈಯ ತಪ್ಪೆಂದು ನಾನು ತಿಳಿದದ್ದು ಕಾಲಿನ ತಪ್ಪಾಗಿತ್ತು. ಗದೆ ಬೆನ್ನ ಹಿಂದೆ ತೂಗುವ ಆ ಕ್ಷಣದಲ್ಲಿ ಬೇರೊಂದನ್ನು ಯೋಚಿಸಲು ಸಾಧ್ಯವೇ ಇಲ್ಲ. ಮನಸ್ಸನ್ನು ಎಳೆತಂದು ಕೂರಿಸುವ ಕಷ್ಟ ಅಲ್ಲಿಲ್ಲ. ಮೈಗೆ ಅದರ ಅಗತ್ಯ ಬಿದ್ದು ತಾನೇ ಕರೆಸಿಕೊಳ್ಳುತ್ತದೆ.

ಕಣ್ಣು ಮುಚ್ಚಿದ್ದರೂ ನಮ್ಮ ಕೈ ಎಲ್ಲಿದೆ ಎಂದು ನಮಗೆ ಗೊತ್ತಿರುತ್ತದೆ. ಈ ಅರಿವಿಗೆ ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಪ್ರೊಪ್ರಿಯೋಸೆಪ್ಷನ್ ಎಂಬ ಹೆಸರು ಕೊಟ್ಟರು. ಸ್ನಾಯು, ಸ್ನಾಯುರಜ್ಜು, ಕೀಲುಗಳಲ್ಲಿರುವ ಸೂಕ್ಷ್ಮ ಸಂವೇದಕಗಳು ಎಳೆತ ಬಿಗಿತಗಳ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತಿರುತ್ತವೆ; ಕಿರುಮೆದುಳು ಅದನ್ನು ಲೆಕ್ಕ ಹಾಕಿ ಚಲನೆಯನ್ನು ತಿದ್ದುತ್ತದೆ. ಜಿಮ್ಮಿನ ಯಂತ್ರ ಭಾರವನ್ನು ಒಂದೇ ಜಾಡಿನಲ್ಲಿ ಏರಿಸಿ ಇಳಿಸುವುದರಿಂದ ಸ್ನಾಯು ಬೆಳೆದರೂ ಈ ತಿದ್ದುವಿಕೆಗೆ ಕೆಲಸ ಕಡಿಮೆ. ಗದೆ ಒಂದು ಸುತ್ತಿನಲ್ಲೇ ಹತ್ತು ಕಡೆ ಎಳೆಯುತ್ತದೆ.

ಜೋಡಿ ಕುಸ್ತಿಯದು ಇನ್ನೂ ಮೇಲಿನ ಪಾಠ. ಎದುರಾಳಿಯ ಕತ್ತಿನ ಮೇಲೆ ಕೈಯಿಟ್ಟವನಿಗೆ ಆತನ ಉಸಿರು ಬಿಗಿಯುವುದು, ಭಾರ ಒಂದು ಕಾಲಿಂದ ಇನ್ನೊಂದಕ್ಕೆ ಜಾರುವುದು ಅಂಗೈಯಲ್ಲೇ ತಿಳಿಯುತ್ತದೆ. ಪಟ್ಟು ಹಾಕಬೇಕಾದದ್ದು ಆಗಲೇ. ಹೆದರಿದವನ ಕೈ ಬಿಗಿಯಾಗುತ್ತದೆ, ಬಿಗಿಯಾದ ಕೈಗೆ ಏನೂ ಕೇಳಿಸುವುದಿಲ್ಲ. ಭಯವನ್ನು ಬಿಡುವುದೂ ಹಿಡಿತವನ್ನು ಹದಗೊಳಿಸುವುದೂ ಅಲ್ಲಿ ಒಂದೇ ಕೆಲಸ. ಧ್ಯಾನದ ಬಗ್ಗೆ ನಾನು ಕೇಳಿರುವ ಎಷ್ಟೋ ಉಪನ್ಯಾಸಗಳು ಇದನ್ನು ಇಷ್ಟು ನೇರವಾಗಿ ತಿಳಿಸಿಲ್ಲ.

ಇಂಥ ಶಾಲೆ ತನ್ನ ಬೆಲೆಯನ್ನು ತಾನೇ ಮರೆತಿದೆ ಎಂಬುದು ನನ್ನ ಸಂಕಟ. ಗರಡಿಯಲ್ಲಿ ಈಗ ಹೆಚ್ಚಾಗಿ ಕೇಳುವ ಮಾತು ಲೆಕ್ಕದ್ದು: ಎಷ್ಟು ದಂಡ, ಎಷ್ಟು ಬಸ್ಕಿ. ದಣಿದ ಮೈ ತಪ್ಪು ಭಂಗಿಯಲ್ಲಿ ಐನೂರು ಬಸ್ಕಿ ಹೊಡೆದರೆ ಕಲಿಯುವುದು ಆ ತಪ್ಪನ್ನೇ, ಸವೆಯುವುದು ಮಂಡಿ. 12ನೇ ಶತಮಾನದಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ವರ್ಗಗಳಾಗಿ ವಿಂಗಡಿಸಿ, ಅವರ ಆಹಾರ, ಸಾಧನೆಗಳನ್ನು ಬರೆದಿಟ್ಟ. ಅದೇ ನಾಡಿನಲ್ಲಿ ಇಂದು ಹದಿನಾಲ್ಕರ ಹುಡುಗನಿಗೂ ಮೂವತ್ತರ ಪೈಲ್ವಾನನಿಗೂ ಒಂದೇ ಸಾಮು ಹೇಳಿಕೊಡುವುದನ್ನು ಕಂಡಿದ್ದೇನೆ. ಹಿಮ್ಮಡಿ ನೋಡಬಲ್ಲ ಉಸ್ತಾದರ ವಿದ್ಯೆ ಯಾವ ಪುಸ್ತಕಕ್ಕೂ ಇಳಿಯದೆ ಅವರೊಂದಿಗೇ ಹೋಗುತ್ತಿದೆ.

ಮಣ್ಣಿನ ಮೇಲಿನ ಕುರುಡು ಅಭಿಮಾನವನ್ನೂ ನಾನು ಒಪ್ಪಲಾರೆ. ಮೈ ಕಲಿತದ್ದು ಕಲಿತ ನೆಲಕ್ಕೆ ಅಂಟಿಕೊಂಡಿರುತ್ತದೆ. ಗರಡಿಯ ಮಣ್ಣಿನ ಕಣವಾದ ಮಟ್ಟಿಯಲ್ಲಿ ಪಳಗಿದ ಕುಸ್ತಿಪಟು ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪರಿಚಯವಿಲ್ಲದ ಮ್ಯಾಟಿನ ಮೇಲೆ ಸೆಣಸಿ 6ನೇ ಸ್ಥಾನ ಪಡೆದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಮಣ್ಣು ಕೊಟ್ಟ ಎಚ್ಚರ ಸುಳ್ಳಾಗಲಿಲ್ಲ, ಆದರೆ ಹೊಸ ನೆಲವನ್ನು ಪಾದ ಮತ್ತೆ ಕಲಿಯಬೇಕಾಯಿತು.

ಗರಡಿಯ ದೊಡ್ಡ ತಪ್ಪು ಬೇರೆಯೇ ಇದೆ. ಅರ್ಧ ಜನರ ಮೈಗೆ ಈ ಜ್ಞಾನ ಬೇಕಿಲ್ಲವೆಂದು ಅದು ತಲೆಮಾರುಗಳ ಕಾಲ ನಡೆದುಕೊಂಡಿತು. ದಸರಾ ಕುಸ್ತಿಯಲ್ಲಿ ಈಗ ಹುಡುಗಿಯರೂ ಸೆಣಸುತ್ತಾರೆ. ಗದಗ, ಹಳಿಯಾಳದ ಕಡೆಯಿಂದ ಬಂದವರ ಕಾಲೂರುವಿಕೆಯನ್ನು ನೋಡಿಯೇ ಹಿರಿಯ ಪೈಲ್ವಾನರು ತಲೆದೂಗುತ್ತಾರೆ. ಪಂದ್ಯ ಮುಗಿದ ಮೇಲೆ ಆ ಹಿರಿಯರು ತಂತಮ್ಮ ಗರಡಿಗೆ ಮರಳುತ್ತಾರೆ. ಅಂಥ ಎಷ್ಟೋ ಗಿಡ್ಡ ಬಾಗಿಲುಗಳಲ್ಲಿ ಹೆಣ್ಣುಮಗಳೊಬ್ಬಳು ಇನ್ನೂ ತಲೆ ತಗ್ಗಿಸಿ ಒಳಗೆ ಹೋಗಿಲ್ಲ.